ಸುಜಾತೆಯ ಪಾಯಸ, ಚುಂದನ ಊಟ

ಇಂದಿನ ಚಿಂತನೆ ಎಂದಿಗಿಂತ ಉದ್ದವಾಗಿದೆ. ಪೂರ್ಣಿಮೆ ಹತ್ತಿರ ಬಂತು, ಹೇಳುವುದನ್ನು ಒಂದೇ ಸಲಕ್ಕೆ ಹೇಳಿ ಮುಗಿಸುವುದು ಒಳ್ಳೆಯದು ಅನ್ನಿಸಿತು. ಬೆಳಿಗ್ಗೆ ಪುರುಸೊತ್ತು ಇಲ್ಲದವರು ರಾತ್ರಿ ಓದಿದರೂ ಆದೀತು.

ವೈಶಾಖ ಪೂರ್ಣಿಮೆ ಅಂದ ಕೂಡಲೇ ನಮಗೆ ಪಾಯಸ ನೆನಪಾಗುತ್ತದೆ. ಸುಜಾತೆ ಕೊಟ್ಟ ಪಾಯಸ ಉಂಡು ಸಿದ್ಧಾರ್ಥ ಬೋಧಿವೃಕ್ಷದ ಕೆಳಗೆ ಕುಳಿತ, ಬುದ್ಧನಾಗಿ ಎದ್ದ. ಅದಕ್ಕೇ ಆ ದಿನ ಪಾಯಸ. ಆದರೆ ಥೇರವಾದ ಸಂಪ್ರದಾಯದಲ್ಲಿ ಇದೇ ಪೂರ್ಣಿಮೆ ಹುಟ್ಟಿನ ದಿನವೂ ಹೌದು, ಬೋಧಿಯ ದಿನವೂ ಹೌದು, ಮಹಾಪರಿನಿಬ್ಬಾನದ ದಿನವೂ ಹೌದು. ಅಂದರೆ ಈ ಒಂದು ಹಬ್ಬಕ್ಕೆ ಎರಡು ಊಟಗಳು ಸೇರಿವೆ. ಒಂದು ಸುಜಾತೆ ಬಡಿಸಿದ್ದು. ಇನ್ನೊಂದು ಪಾವಾ ಊರಿನ ಕಮ್ಮಾರ ಚುಂದ ಬಡಿಸಿದ್ದು. ಬುದ್ಧನ ಕೊನೆಯ ಊಟ. ಮಹಾಪರಿನಿಬ್ಬಾನ ಸುತ್ತದಲ್ಲಿ ಬುದ್ಧನೇ ಈ ಎರಡನ್ನೂ ಜೊತೆಗಿಟ್ಟು, ಎರಡರ ಫಲವೂ ಸಮ, ಉಳಿದೆಲ್ಲ ಅನ್ನದಾನಕ್ಕಿಂತ ಹೆಚ್ಚು ಎಂದು ಹೇಳುತ್ತಾನೆ. ನಾವು ಮಾತ್ರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿದ್ದೇವೆ. ಚುಂದನ ಹೆಸರಿನಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಿದ್ದನ್ನು ನಾನು ಕಂಡಿಲ್ಲ.

ಮೊದಲು ಸುಜಾತೆಯ ಕಥೆಯನ್ನೇ ನೋಡೋಣ, ಯಾಕೆಂದರೆ ಅದನ್ನು ನಾವು ಅರ್ಧವೇ ಹೇಳುತ್ತೇವೆ. ಜಾತಕ ಅಟ್ಠಕಥೆಯ ನಿದಾನಕಥೆಯಲ್ಲಿ ಅದು ವಿಸ್ತಾರವಾಗಿದೆ. ಉರುವೇಲೆಯ ಸೇನಾನಿ ಗ್ರಾಮದ ಶ್ರೀಮಂತರ ಮನೆಯ ಹೆಣ್ಣುಮಗಳು. ಒಳ್ಳೆಯ ಮನೆ ಸೇರಿ ಗಂಡುಮಗು ಹುಟ್ಟಿದರೆ ಪಾಯಸ ಒಪ್ಪಿಸುತ್ತೇನೆ ಎಂದು ಆಲದ ಮರದ ದೇವತೆಗೆ ಹರಕೆ ಹೊತ್ತವಳು. ಸಾವಿರ ಹಸುಗಳ ಹಾಲನ್ನು ಐನೂರಕ್ಕೆ ಕುಡಿಸಿ, ಆ ಐನೂರರದ್ದನ್ನು ಇನ್ನೂರೈವತ್ತಕ್ಕೆ ಕುಡಿಸಿ, ಹೀಗೆ ಇಳಿಸುತ್ತಾ ಕೊನೆಗೆ ಎಂಟು ಹಸುಗಳ ಹಾಲಿನಲ್ಲಿ ಅಡುಗೆ. ಮರದ ಬುಡ ಗುಡಿಸಲು ಹೋದ ದಾಸಿ ಪುಣ್ಣೆ ಅಲ್ಲಿ ಕುಳಿತವನನ್ನು ಕಂಡು, ದೇವತೆಯೇ ಇಳಿದು ಬಂದಿದೆ ಎಂದು ಓಡಿ ಬಂದು ಹೇಳುತ್ತಾಳೆ. ಅವನು ಆ ಪಾಯಸವನ್ನು ನಲವತ್ತೊಂಬತ್ತು ತುತ್ತು ಮಾಡಿ ಉಣ್ಣುತ್ತಾನೆ. ಮುಂದಿನ 49 ದಿನಗಳಿಗೆ ಅದೇ ಆಹಾರ.

ಚಂದದ ಕಥೆ. ಮಕ್ಕಳಿಗೆ ಹೇಳಲಿಕ್ಕೆ ಇದೇ ಆಗಬೇಕು. ಆದರೆ ಇದಕ್ಕಿಂತ ಹಳೆಯದಾದ ಮಹಾಸಚ್ಚಕ ಸುತ್ತದಲ್ಲಿ ಬುದ್ಧ ತಾನೇ ಆ ದಿನಗಳನ್ನು ನೆನೆಯುವಾಗ ಸುಜಾತೆಯ ಹೆಸರಿಲ್ಲ, ಸಾವಿರ ಹಸುಗಳೂ ಇಲ್ಲ. ಇರುವುದು 'ಓದನಕುಮ್ಮಾಸ' ಎಂಬ ಎರಡು ಪದಾರ್ಥ: ಅನ್ನ, ಮತ್ತು ಧಾನ್ಯದಿಂದ ಮಾಡಿದ ಸಾಧಾರಣ ತಿನಿಸು. ಬಡವರ ಮನೆಯಲ್ಲೂ ಸಿಗುವಂಥದ್ದು. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಹೆಸರುಬೇಳೆ ಪಾಯಸಕ್ಕಿಂತ ಕುಚ್ಚಲಕ್ಕಿ ಗಂಜಿಗೆ ಹತ್ತಿರ. ಗಂಜಿಗೆ ಬುದ್ಧನ ಬಾಯಲ್ಲಿ ಬೇರೆ ಮರ್ಯಾದೆಯೂ ಉಂಟು. ವಿನಯದ ಮಹಾವಗ್ಗದಲ್ಲಿ ಗಂಜಿಯ ಹತ್ತು ಗುಣ ಎಣಿಸುತ್ತಾನೆ: ಆಯಸ್ಸು, ಬಣ್ಣ, ಸುಖ, ಬಲ, ಚುರುಕು ಕೊಡುತ್ತದೆ, ಹಸಿವು, ಬಾಯಾರಿಕೆ ಕಳೆಯುತ್ತದೆ, ವಾಯುವನ್ನು ಸರಿಮಾಡುತ್ತದೆ, ಮೂತ್ರಕೋಶ ಶುದ್ಧಿ ಮಾಡುತ್ತದೆ, ಹೊಟ್ಟೆಯಲ್ಲಿ ಉಳಿದದ್ದನ್ನು ಕರಗಿಸುತ್ತದೆ. ಮಂಗಳೂರಿನ ಯಾವ ಅಜ್ಜಿಯನ್ನು ಕೇಳಿದರೂ ಇದೇ ಪಟ್ಟಿ ಸಿಗುತ್ತಿತ್ತು.

ಆ ಊಟವಾದ ಮೇಲೆ ಏನಾಯಿತು ಎಂಬುದು ಕಥೆಯ ಇನ್ನರ್ಧ. ಆರು ವರ್ಷ ಜೊತೆಗಿದ್ದ ಐವರು ತಪಸ್ವಿಗಳು ಅವನನ್ನು ಬಿಟ್ಟು ಹೋದರು. ಗೋತಮ ಸುಖಕ್ಕೆ ಬಿದ್ದ, ಸಾಧನೆ ಬಿಟ್ಟ, ಉಣ್ಣಲು ಶುರು ಮಾಡಿದ ಎಂದು ಹೇಸಿಕೊಂಡು ಎದ್ದರು. ಬೇರೆ ತಪ್ಪು ಅವನು ಮಾಡಿರಲಿಲ್ಲ. ಒಂದು ಹಿಡಿ ಅನ್ನ ತಿಂದಿದ್ದ, ಅಷ್ಟೆ. ಬುದ್ಧನಾಗುವ ಹೊತ್ತಿಗೆ ಅವನು ಒಂಟಿಯಾಗಿದ್ದ, ಮತ್ತು ಒಂಟಿಯಾದದ್ದು ಊಟದ ಕಾರಣಕ್ಕೆ.

ಊಟದ ಕಾರಣಕ್ಕೆ ಜನ ಎದ್ದು ಹೋಗುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಂಕ್ತಿಭೇದ ಎಂಬ ಶಬ್ದ ನಮ್ಮಲ್ಲಿ ನಿಘಂಟಿನಲ್ಲಿ ಹುಡುಕುವ ಶಬ್ದವಲ್ಲ. ಇದೇ ಊರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟಾಗ ಅವರ ಸ್ವಂತ ಸಮಾಜವೇ ಅವರನ್ನು ಹೊರಗಿಟ್ಟಿತು. ಹೊರಗಿಡುವುದು ಎಂದರೆ ಆ ಕಾಲದಲ್ಲಿ ಮೊದಲಿಗೆ ಊಟ, ನೀರು. ಇಂದು ಪುರಭವನಕ್ಕೆ ಅವರ ಹೆಸರು ಇದೆ. ಅದರ ಎದುರು ಬಸ್ಸಿನಲ್ಲಿ ಹೋಗುವಾಗಲೆಲ್ಲ ಆ ಐವರು ತಪಸ್ವಿಗಳು ನನಗೆ ನೆನಪಾಗುತ್ತಾರೆ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂಬುದನ್ನು ಈಗ ಹೇಳುತ್ತೇನೆ.

ಎರಡು ವಾರದ ಹಿಂದೆ ನಮ್ಮ ಗುಂಪಿನಲ್ಲಿ ಪೂರ್ಣಿಮೆಯ ಸಿದ್ಧತೆಯ ಮಾತು ಬಂತಲ್ಲ, ಆಗ ಯಾರೋ ಒಬ್ಬರು ಬರೆದರು: ಪಾಯಸ ಶುದ್ಧ ಸಸ್ಯಾಹಾರಿ ಮನೆಯಲ್ಲೇ ಆಗಲಿ, ಬುದ್ಧನಿಗೆ ಒಪ್ಪಿಸುವಂಥದ್ದು. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ನನಗೆ ಗೊತ್ತು. ಅದರ ಕೆಳಗೆ ಹತ್ತು ಹನ್ನೆರಡು ಕೈಮುಗಿದ ಚಿತ್ರಗಳು ಬಿದ್ದವು. ಅದೇ ರಾತ್ರಿ ಬಳಗದ ಒಬ್ಬ ಅಕ್ಕ ಫೋನ್ ಮಾಡಿದರು. ಮೂರು ವರ್ಷದಿಂದ ಒಂದು ಭಾನುವಾರವೂ ತಪ್ಪದೆ ಬರುವವರು. ಮನೆಯವರು ಬೋಟಿಗೆ ಹೋಗುತ್ತಾರೆ, ಇವರು ಬೆಳಿಗ್ಗೆ ದಕ್ಕೆಯಿಂದ ಮೀನು ತೆಗೆದುಕೊಂಡು ಹೋಗಿ ಮಾರುತ್ತಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇಷ್ಟು: "ನಮ್ಮದು ಮೀನು ಬೇಯುವ ಮನೆ ಅಲ್ವಾ ಅಣ್ಣ, ನಾನು ಪಾಯಸ ತಂದ್ರೆ ಆಗ್ತದಾ? ಆಗುದಿಲ್ಲಾಂದ್ರೆ ಬೇಜಾರಿಲ್ಲ, ಬಾಳೆಎಲೆ ಮಾತ್ರ ತರ್ತೇನೆ."

ತನ್ನಿ ಅಕ್ಕ ಎಂದೆ. ಆದರೆ ಅವರು ಕೇಳಿದ್ದು ನನ್ನೊಬ್ಬನನ್ನಲ್ಲ, ಬಳಗವನ್ನು. "ಬಾಳೆಎಲೆ ಮಾತ್ರ" ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ಎಲೆ ಯಾರ ಮನೆಯಿಂದ ಬಂದರೂ ನಡೆಯುತ್ತದೆ, ತೊಳೆದರೆ ಆಯಿತು. ಅಡುಗೆ ಹಾಗಲ್ಲ ಎಂಬ ಲೆಕ್ಕ ಅವರಿಗೆ ಯಾರೂ ಕಲಿಸದೆ ಗೊತ್ತಿದೆ. ಈ ಊರಿನಲ್ಲಿ ಬೆಳೆದವರಿಗೆ ಅದು ಗೊತ್ತೇ ಇರುತ್ತದೆ. ಧಮ್ಮದ ಜಾಗಕ್ಕೆ ಬಂದು ಮೂರು ವರ್ಷವಾದ ಮೇಲೂ ಅದೇ ಲೆಕ್ಕ ಹಾಕಬೇಕಾಗಿ ಬಂತಲ್ಲ ಎಂಬುದು ನನ್ನ ಸಂಕಟ.

ಆದ್ದರಿಂದ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿ ನೋಡಬೇಕು. ನಾನು ಮೀನು ತಿನ್ನುವುದಿಲ್ಲ ಎಂಬುದು ಒಂದು ಮಾತು. ಮೀನು ಬೇಯುವ ಮನೆಯಿಂದ ಬಂದ ಬೆಲ್ಲ, ತೆಂಗಿನಹಾಲು, ಹೆಸರುಬೇಳೆಯ ಪಾಯಸವನ್ನೂ ನಾನು ತಿನ್ನುವುದಿಲ್ಲ ಎಂಬುದು ಬೇರೆಯೇ ಮಾತು. ಮೊದಲನೆಯದರಲ್ಲಿ ಒಂದು ಜೀವ ಇದೆ, ಅದರ ಮೇಲಿನ ಕರುಣೆ ಇದೆ. ಎರಡನೆಯದರಲ್ಲಿ ಯಾವ ಮೀನೂ ಉಳಿಯುವುದಿಲ್ಲ. ಆ ಪಾಯಸ ಬಿಟ್ಟದ್ದರಿಂದ ಅರಬ್ಬೀ ಸಮುದ್ರದಲ್ಲಿ ಒಂದು ಬೂತಾಯಿಯೂ ಹೆಚ್ಚು ಬದುಕುವುದಿಲ್ಲ. ಅಲ್ಲಿ ನಾವು ದೂರ ಇಡುವುದು ಒಂದು ಮನೆಯನ್ನು, ಒಂದು ಕೈಯನ್ನು.

ಬುದ್ಧ ಈ ಬಗ್ಗೆ ಏನು ಮಾಡಿದ? ಭಿಕ್ಖುಗಳು ಊಟಕ್ಕೆ ಹೋಗುತ್ತಿದ್ದದ್ದು ಮನೆಮನೆಗೆ. ಒಳ್ಳೆಯ ಮನೆ ಆರಿಸಿಕೊಳ್ಳದೆ, ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಸಾಲಾಗಿ ಹೋಗುವುದನ್ನು ದೊಡ್ಡ ವ್ರತ ಎಂದೇ ಎಣಿಸಿದ್ದರು. ಒಬ್ಬ ಗೃಹಸ್ಥನ ಮನೆಯ ಭಿಕ್ಷೆಯನ್ನು ಸಂಘ ನಿರಾಕರಿಸುವ ಕ್ರಮವೂ ವಿನಯದಲ್ಲಿ ಇದೆ. 'ಪಾತ್ರೆ ಮಗುಚುವುದು' ಎಂದು ಅದಕ್ಕೆ ಹೆಸರು. ಚುಲ್ಲವಗ್ಗದಲ್ಲಿ ಅದಕ್ಕೆ ಎಂಟು ಕಾರಣ ಕೊಟ್ಟಿದೆ. ಭಿಕ್ಖುಗಳಿಗೆ ಸಿಗುವುದನ್ನು ತಪ್ಪಿಸುವುದು, ಅವರಿಗೆ ಕೇಡು ಮಾಡುವುದು, ಇರಲು ಜಾಗವಿಲ್ಲದಂತೆ ಮಾಡುವುದು, ಬೈಯುವುದು, ಅವರೊಳಗೆ ಒಡಕು ತರುವುದು, ಬುದ್ಧ, ಧಮ್ಮ, ಸಂಘಗಳ ನಿಂದೆ ಮಾಡುವುದು. ಎಂಟು ಮುಗಿಯಿತು. ಕುಲ ಇಲ್ಲ, ಕಸುಬು ಇಲ್ಲ, ಒಲೆಯ ಮೇಲೆ ನಿನ್ನೆ ಏನು ಬೆಂದಿತ್ತು ಎಂಬುದೂ ಇಲ್ಲ.

ಮಹಾಕಸ್ಸಪ ಥೇರರ ಪ್ರಸಂಗ ಥೇರಗಾಥೆಯಲ್ಲಿ ಬರುತ್ತದೆ. ಅವರು ಹುಟ್ಟಿನಿಂದ ಬ್ರಾಹ್ಮಣರು. ಒಮ್ಮೆ ಭಿಕ್ಷೆಗೆ ಹೋದಾಗ ಕುಷ್ಠರೋಗಿಯೊಬ್ಬ ಉಣ್ಣುತ್ತಿದ್ದ. ಅವನ ಪಕ್ಕ ಗೌರವದಿಂದ ನಿಂತರು. ಅವನು ತನ್ನ ಕೊಳೆತ ಕೈಯಿಂದ ಒಂದು ತುತ್ತು ಎತ್ತಿ ಪಾತ್ರೆಗೆ ಹಾಕಿದ. ಹಾಕುವಾಗ ಅವನ ಒಂದು ಬೆರಳು ಮುರಿದು ಅದರೊಳಗೆ ಬಿತ್ತು. ಥೇರರು ಒಂದು ಗೋಡೆಯ ಬುಡದಲ್ಲಿ ಕುಳಿತು ಆ ತುತ್ತನ್ನು ಉಂಡರು. ಉಣ್ಣುವಾಗಲೂ ಉಂಡ ಮೇಲೂ ಹೇಸಿಗೆ ಹುಟ್ಟಲಿಲ್ಲ ಎನ್ನುತ್ತಾರೆ. ಇದನ್ನು ಓದುವಾಗ ನನ್ನ ಹೊಟ್ಟೆಯೂ ತೊಳಸುತ್ತದೆ. ನಮ್ಮಿಂದ ಅಷ್ಟು ಆಗಬೇಕು ಎಂದು ಯಾರೂ ಹೇಳುತ್ತಿಲ್ಲ. ಆದರೆ ನಮ್ಮ ಮುಂದೆ ಇರುವುದು ತೊಳೆದ ಪಾತ್ರೆಯಲ್ಲಿ ತಂದ ಏಲಕ್ಕಿ ಪರಿಮಳದ ಪಾಯಸ ಮಾರಾಯ್ರೆ!

ಒಬ್ಬ ಹಿರಿಯರು ನನ್ನಲ್ಲಿ ಖಾಸಗಿಯಾಗಿ ಹೇಳಿದರು, ತನಗೆ ಮಡಿಮೈಲಿಗೆಯ ನಂಬಿಕೆ ಏನೂ ಇಲ್ಲ, ಚಿಕ್ಕಂದಿನಿಂದ ಮೀನಿನ ವಾಸನೆ ಆಗುವುದಿಲ್ಲ ಅಷ್ಟೆ ಎಂದು. ಅದನ್ನು ನಾನು ನಂಬುತ್ತೇನೆ. ಮೂಗಿಗೆ ಆಗದ್ದು ಮೂಗಿಗೆ ಆಗುವುದಿಲ್ಲ, ಅದರಲ್ಲಿ ಪಾಪವಿಲ್ಲ. ಅದನ್ನು ಧರ್ಮ ಎಂದು ಕರೆದಾಗ ಮಾತ್ರ ತೊಂದರೆ. ಸುತ್ತನಿಪಾತದಲ್ಲಿ ಇದಕ್ಕೆಂದೇ ಒಂದು ಸುತ್ತ ಇದೆ, ಹೆಸರೇ ಆಮಗಂಧ ಸುತ್ತ. ಆಮಗಂಧ ಎಂದರೆ ಹಸಿ ಮಾಂಸದ ನಾತ. ಮಾಂಸ ತಿನ್ನುವವನಿಗೆ ನಾತವಿಲ್ಲವೇ ಎಂದು ಬ್ರಾಹ್ಮಣನೊಬ್ಬ ಹಿಂದಿನ ಕಾಲದ ಕಸ್ಸಪ ಬುದ್ಧನನ್ನು ಆಕ್ಷೇಪಿಸಿ ಕೇಳುತ್ತಾನೆ. ಉತ್ತರವಾಗಿ ಬರುವ ಪಟ್ಟಿಯಲ್ಲಿ ಕೊಲ್ಲುವುದು, ಹಿಂಸಿಸುವುದು, ಕದಿಯುವುದು, ಸುಳ್ಳು, ವಂಚನೆ, ಚಾಡಿ, ಮಿತ್ರದ್ರೋಹ, ಜಿಪುಣತನ, ಅಹಂಕಾರ ಎಲ್ಲ ಇವೆ. ನಾತ ಇವುಗಳದ್ದು, ಮಾಂಸದ ಊಟದ್ದಲ್ಲ ಎಂಬುದು ಅದರ ಒಟ್ಟು ತಾತ್ಪರ್ಯ.

ಆ ಪಟ್ಟಿಯ ತಲೆಗೇ ಕೊಲ್ಲುವುದು ಇದೆಯಲ್ಲ ಎಂದು ನೀವು ಕೇಳಬಹುದು. ಕೇಳಬೇಕು. ಇಲ್ಲಿ ನಾನು ಜಾರಿಕೊಳ್ಳುವುದಿಲ್ಲ. ನಾವು ಪ್ರತಿ ಭಾನುವಾರ ಹೇಳುವ ಪಂಚಶೀಲದ ಮೊದಲ ಶೀಲ ಪ್ರಾಣಿವಧೆ ಬಿಡುವುದು. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಆಯುಧ, ಮನುಷ್ಯರು, ಮದ್ಯ, ವಿಷದ ಜೊತೆ ಮಾಂಸವೂ ಇದೆ. ಮೀನು ಹಿಡಿದು ಮಾರುವವನನ್ನು ನೋಡಿ ಬುದ್ಧ ಕಟುವಾಗಿ ಮಾತನಾಡಿದ ಸುತ್ತವೂ ಅಂಗುತ್ತರ ನಿಕಾಯದಲ್ಲಿ ಇದೆ. ಲಂಕಾವತಾರದಂಥ ಮಹಾಯಾನ ಸೂತ್ರಗಳು ಮಾಂಸಾಹಾರವನ್ನೇ ಬೇಡ ಎನ್ನುತ್ತವೆ. ಬೈಲುಕುಪ್ಪೆಯ ಟಿಬೆಟನ್ನರಲ್ಲಿ ಮಾಂಸ ತಿನ್ನುವವರೂ ಅನೇಕರು ಸಾಗಾ ದಾವಾ ತಿಂಗಳಲ್ಲಿ ಅದನ್ನು ಬಿಡುತ್ತಾರೆ. ಸಾಗಾ ದಾವಾ ಎಂದರೆ ನಮ್ಮ ಈ ಪೂರ್ಣಿಮೆ ಬರುವ ಅವರ ನಾಲ್ಕನೇ ತಿಂಗಳು. ಇನ್ನೊಂದು ಕಡೆ, ಭಿಕ್ಖುಗಳು ಮೀನು ಮಾಂಸ ಮುಟ್ಟಲೇಬಾರದು ಎಂದು ದೇವದತ್ತ ಪಟ್ಟು ಹಿಡಿದಾಗ ಬುದ್ಧ ಒಪ್ಪಲಿಲ್ಲ. ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಸಂಶಯವೂ ಇರಬಾರದು ಎಂಬ ಮೂರು ಷರತ್ತು ಹಾಕಿ ಬಿಟ್ಟ. ಈ ಎಲ್ಲವನ್ನೂ ಒಟ್ಟಿಗಿಟ್ಟರೆ ಒಂದು ನೇರ ಗೆರೆ ಎಳೆಯಲು ಬರುವುದಿಲ್ಲ, ಮತ್ತು ಎಳೆಯಬೇಕು ಎಂಬ ಹಠ ನನಗೂ ಇಲ್ಲ.

ಅಶೋಕ ಚಕ್ರವರ್ತಿಯ ಐದನೇ ಸ್ತಂಭಶಾಸನ ನನಗೆ ಇಲ್ಲಿ ಸಹಾಯಕ್ಕೆ ಬಂತು. ಪಟ್ಟವಾಗಿ 26 ವರ್ಷವಾದ ಮೇಲೆ ಬರೆಸಿದ್ದು. ಕೆಲವು ಹುಣ್ಣಿಮೆ ಮತ್ತು ಉಪೋಸಥದ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎನ್ನುತ್ತದೆ. ಗಮನಿಸಿ, ದಿನಗಳನ್ನು ಹೆಸರಿಸಿ ಹೇಳಿದೆ, ಜನರನ್ನು ಹೆಸರಿಸಿಲ್ಲ. ಈ ದಿನ ಬಲೆ ಬೀಸಬೇಡಿ ಎಂದಿತೇ ಹೊರತು ಬಲೆ ಬೀಸುವವರ ಮನೆಗೆ ಹೋಗಬೇಡಿ ಎನ್ನಲಿಲ್ಲ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುತ್ತದೆ. ಮೀನು ಮರಿ ಮಾಡುವ ಕಾಲ ಅದು. ದಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಸಮುದ್ರಕ್ಕೆ ಕೊಡುವ ಆ ಬಿಡುವಿನ ಬೆಲೆ ತೆರುವವರು ಯಾರು? ಆ ಎರಡು ತಿಂಗಳು ಸಂಪಾದನೆ ಇಲ್ಲದೆ ಕೂರುವ ಅದೇ ಮನೆಗಳು. ತಟ್ಟೆಯಲ್ಲಿ ಮೀನಿಲ್ಲ ಎಂದು ಸಮಾಧಾನದಿಂದ ಇರುವ ನಮ್ಮಂಥವರು ಮೀನಿಗಾಗಿ ಏನನ್ನು ಬಿಟ್ಟಿದ್ದೇವೆ ಎಂದು ಕೇಳಿಕೊಂಡರೆ ಉತ್ತರ ಸಣ್ಣದು.

ಶೀಲವನ್ನು ನಾನು ತೆಗೆದುಕೊಳ್ಳುವುದು ನನ್ನ ಬಾಯಿಂದ, ನನಗಾಗಿ. 'ಸಮಾದಿಯಾಮಿ' ಎಂದರೆ ನಾನು ಕೈಗೊಳ್ಳುತ್ತೇನೆ. ಅದರಲ್ಲಿ ಪಕ್ಕದವನ ವಿಚಾರವೇ ಇಲ್ಲ. ನನ್ನ ಕೈಗೆ ಹಾಕಿಕೊಂಡ ನಿಯಮವನ್ನು ಜರಡಿ ಮಾಡಿ ಬೇರೆಯವರನ್ನು ಜಾಳಿಸಲು ಹೊರಟರೆ ಅದು ಶೀಲವಾಗಿ ಉಳಿಯುವುದಿಲ್ಲ. ದಕ್ಕೆಯಲ್ಲಿ ದುಡಿಯುವವರಿಗೆ ಕಸುಬಿನ ಪ್ರಶ್ನೆ ಇಲ್ಲವೆಂದಲ್ಲ. ಆ ಅಕ್ಕ ಅದನ್ನು ನಮ್ಮಲ್ಲಿ ಹಲವರಿಗಿಂತ ಹೆಚ್ಚು ಯೋಚಿಸಿದ್ದಾರೆ, ಮಗಳನ್ನು ನರ್ಸಿಂಗ್ ಓದಿಸುತ್ತಿರುವುದೂ ಅದೇ ಕಾರಣಕ್ಕೆ. ಸಾಲದ ಕಂತು ಕಟ್ಟುವವರು ಅವರು, ಪ್ರಶ್ನೆಯೂ ಅವರದ್ದು. ನಾವು ಉತ್ತರ ಬರೆದುಕೊಡುವುದು ಬೇಡ.

(ನಡುವೆ ಒಂದು ಮಾತು. ಪೂರ್ಣಿಮೆಯ ಸಂಜೆ ನಾವು ಕದ್ರಿಗೆ ಹೋಗುವುದು ರೂಢಿ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಶಾಸನ ಆಳುಪ ಅರಸ ಕುಂದವರ್ಮನದ್ದು, ಕ್ರಿ.ಶ. 968ರದ್ದು, ಕದಿರಿಕಾ ವಿಹಾರ ಎಂಬ ಹೆಸರು ಅದರಲ್ಲೇ ಇದೆ. ಅದು ಬೌದ್ಧ ಅವಲೋಕಿತೇಶ್ವರ ಎನ್ನುವ ವಿದ್ವಾಂಸರಿದ್ದಾರೆ, ಶೈವವೂ ಸೇರಿಕೊಂಡ ಮೂರ್ತಿ ಎನ್ನುವವರೂ ಇದ್ದಾರೆ. ಅದೇ ಕದ್ರಿಯಲ್ಲಿ ಮತ್ಸ್ಯೇಂದ್ರನಾಥರ ವಿಗ್ರಹವೂ ಇದೆ. ಮೀನಿನ ಹೊಟ್ಟೆಯೊಳಗಿದ್ದು ಶಿವನ ಉಪದೇಶ ಕೇಳಿದ ಯೋಗಿ ಎಂದು ಅವರ ಐತಿಹ್ಯ. ಜ್ಞಾನ ಮೀನಿನ ಹೊಟ್ಟೆಯವರೆಗೆ ಹೋಗಿ ಬಂದಿದೆ ಎಂದು ನಂಬುವ ಊರು ನಮ್ಮದು.)

ಈಗ ಚುಂದನಿಗೆ ಬರೋಣ. ಬುದ್ಧನಿಗೆ ಆಗ ಎಂಬತ್ತು ವರ್ಷ. ಪಾವಾದಲ್ಲಿ ಚುಂದನ ಮಾವಿನ ತೋಪಿನಲ್ಲಿ ತಂಗಿದ್ದಾನೆ. ಚುಂದ ಕಮ್ಮಾರ, ಬೆಂಕಿ ಮತ್ತು ಲೋಹದ ಕೆಲಸದವನು. ಮರುದಿನದ ಊಟಕ್ಕೆ ಕರೆದು ಅನೇಕ ಅಡುಗೆಗಳ ಜೊತೆ ಸೂಕರಮದ್ದವ ಎಂಬ ಒಂದನ್ನು ಮಾಡಿಸುತ್ತಾನೆ. ಅದು ಏನು ಎಂಬುದರಲ್ಲಿ ಅಟ್ಠಕಥೆಗಳ ಕಾಲದಿಂದಲೂ ಒಮ್ಮತವಿಲ್ಲ. ಎಳೆಯ ಹಂದಿಯ ಮೆದು ಮಾಂಸ ಎಂದು ಕೆಲವರು. ಹಂದಿ ತುಳಿದ ಜಾಗದ ಬಿದಿರ ಮೊಳಕೆ ಎಂದು ಕೆಲವರು. ಅಣಬೆ ಎಂದು ಇನ್ನು ಕೆಲವರು. ಈ ಪಟ್ಟಿ ಓದುವಾಗ ನನಗೆ ನಗು ಬಂತು, ಯಾಕೆಂದರೆ ಮೂರೂ ನಮ್ಮ ಊರಿನ ಅಡುಗೆಗಳೇ. ಹಂದಿ ಮಾಂಸ ಕ್ರಿಶ್ಚಿಯನ್ ಮನೆಯ ಹಬ್ಬದ ದುಕ್ರಾಮಾಸ್. ಬಿದಿರ ಮೊಳಕೆ ಆಟಿ ತಿಂಗಳ ಕಣಿಲೆ. ಹೆಚ್ಚಿ ಮೂರು ದಿನ ನೀರು ಬದಲಿಸುತ್ತಾ ನೆನೆಸದಿದ್ದರೆ ಹೊಟ್ಟೆಗೆ ಒಳ್ಳೆಯದಲ್ಲ. ಮೊದಲ ಗುಡುಗಿಗೆ ಏಳುವ ಅಣಬೆಯನ್ನು ನೋಡಿ ಆರಿಸಲು ಬಲ್ಲವರೇ ಬೇಕು. ಚುಂದನ ಪಾತ್ರೆಯಲ್ಲಿ ಯಾವುದಿತ್ತೋ, ಅದು ಮಂಗಳೂರಿನ ಯಾವುದೋ ಒಂದು ಮನೆಯಲ್ಲಿ ಇಂದೂ ಬೇಯುತ್ತಿದೆ.

ಬುದ್ಧ ಅದನ್ನು ತನಗೊಬ್ಬನಿಗೇ ಬಡಿಸು, ಉಳಿದದ್ದನ್ನು ಗುಂಡಿ ತೋಡಿ ಹೂಳು ಎಂದ. ಭಿಕ್ಖುಗಳಿಗೆ ಬೇರೆ ಅಡುಗೆ ಬಡಿಸಲು ಹೇಳಿದ. ಉಂಡ ಮೇಲೆ ರಕ್ತಭೇದಿ, ಸಾಯುವಂಥ ನೋವು. ಅದೇ ಸ್ಥಿತಿಯಲ್ಲಿ ಕುಸಿನಾರೆಯ ಕಡೆ ನಡೆದ. ದಾರಿಯಲ್ಲಿ ಬಟ್ಟೆ ಮಡಿಸಿ ಹಾಸಿಸಿಕೊಂಡು ಮಲಗಿ, ನೀರು ಕೇಳಿ ಕುಡಿದ. ಆಮೇಲೆ ಆನಂದನನ್ನು ಕರೆದು ಅವನು ಚಿಂತಿಸಿದ್ದು ಚುಂದನ ಬಗ್ಗೆ. ನಿನ್ನ ಅನ್ನ ತಿಂದು ಬುದ್ಧ ಸತ್ತ ಎಂದು ಯಾರಾದರೂ ಅವನ ಮನಸ್ಸು ನೋಯಿಸಿಯಾರು, ಅವನಿಗೂ ಹಾಗೇ ಅನ್ನಿಸೀತು, ನೀನು ಹೋಗಿ ಆ ಸಂಕಟ ತೆಗೆಯಬೇಕು. ನಿನ್ನ ಊಟ ಮತ್ತು ಬೋಧಿಗೆ ಮೊದಲಿನ ಊಟ ಎರಡೂ ಸಮ ಎಂದು ಹೇಳು. ನಾನು ಆರಂಭದಲ್ಲಿ ಬರೆದ ಮಾತು ಬಂದದ್ದು ಇಲ್ಲಿಂದ. ಅದು ಪುಣ್ಯದ ಲೆಕ್ಕಾಚಾರಕ್ಕೆ ಹೇಳಿದ ಮಾತಲ್ಲ. ಒಬ್ಬ ಕಮ್ಮಾರ ಊರಿನಲ್ಲಿ ತಲೆ ಎತ್ತಿ ನಡೆಯಬೇಕು ಎಂದು ಸಾಯುವವನೊಬ್ಬ ಹೇಳಿ ಕಳಿಸಿದ ಮಾತು.

ಬುದ್ಧನಿಗೆ ಗೊತ್ತಿತ್ತು, ಬೆರಳು ಎತ್ತುವವರು ಇರುತ್ತಾರೆ ಎಂದು. ನಮ್ಮಲ್ಲೂ ನೋಡಿ. ಮೇ ತಿಂಗಳ ಸೆಕೆಯಲ್ಲಿ ತೆಂಗಿನಹಾಲಿನ ಪಾಯಸ ಮಧ್ಯಾಹ್ನಕ್ಕೇ ಹಳಸುತ್ತದೆ, ಯಾರು ಮಾಡಿದರೂ. ಹಳಸಿದ ಪಾಯಸದಿಂದ ನಾಲ್ಕು ಜನರಿಗೆ ಹೊಟ್ಟೆ ಕೆಟ್ಟಿತು ಎಂದುಕೊಳ್ಳಿ. ಮಾಡಿದವರು 'ದೊಡ್ಡ ಮನೆ'ಯವರಾದರೆ ಈ ವರ್ಷ ಸೆಕೆ ಜೋರು ಎನ್ನುತ್ತೇವೆ. ಬೇರೆ ಮನೆಯವರಾದರೆ, ಯಾರ ಕೈಯ ಅಡುಗೆ ಎಂದು ಕೇಳುತ್ತೇವೆ. ಒಂದೇ ಹಳಸಿಗೆ ಎರಡು ವಿವರಣೆ. ಚುಂದನ ಸಂಕಟ ತೆಗೆಯಲು ಬುದ್ಧ ಆನಂದನನ್ನೇ ಕಳಿಸಬೇಕಾಯಿತಲ್ಲ, ಯಾಕೆಂದು ಈಗ ಅರ್ಥವಾಗುತ್ತದೆ.

ಐವರು ತಪಸ್ವಿಗಳ ಕಥೆಯನ್ನು ನಡುವೆ ಬಿಟ್ಟಿದ್ದೆ. ಬುದ್ಧ ಅವರನ್ನು ಹುಡುಕಿಕೊಂಡು ಇಸಿಪತನಕ್ಕೆ ಹೋದ. ದೂರದಿಂದ ಕಂಡಾಗಲೇ ಅವರು, ಊಟಕ್ಕೆ ಬಿದ್ದವನು ಬರುತ್ತಿದ್ದಾನೆ, ಎದ್ದು ಗೌರವ ಕೊಡುವುದು ಬೇಡ ಎಂದು ಮಾತಾಡಿಕೊಂಡರು. ಹತ್ತಿರ ಬಂದಾಗ ಆ ಮಾತು ಉಳಿಯಲಿಲ್ಲ. ಒಬ್ಬ ಪಾತ್ರೆ ಹಿಡಿದ, ಒಬ್ಬ ಆಸನ ಹಾಕಿದ, ಒಬ್ಬ ಕಾಲಿಗೆ ನೀರು ತಂದ. ಮುಂದಿನ ದಿನಗಳ ಬಗ್ಗೆ ಅರಿಯಪರಿಯೇಸನ ಸುತ್ತದಲ್ಲಿ ಒಂದು ಸಣ್ಣ ವಿವರ ಬರುತ್ತದೆ, ಎಲ್ಲರೂ ದಾಟಿ ಹೋಗುವಂಥದ್ದು. ಇಬ್ಬರಿಗೆ ಬುದ್ಧ ಉಪದೇಶಿಸುವಾಗ ಉಳಿದ ಮೂವರು ಭಿಕ್ಷೆಗೆ ಹೋಗುತ್ತಿದ್ದರು, ಮೂವರಿಗೆ ಉಪದೇಶಿಸುವಾಗ ಇಬ್ಬರು ಹೋಗುತ್ತಿದ್ದರು. ಅವರು ತಂದದ್ದನ್ನು ಆರೂ ಜನ ಉಂಡು ದಿನ ಕಳೆಯುತ್ತಿದ್ದರು. ಅನ್ನ ತಿಂದ ಎಂದು ಬಿಟ್ಟು ಹೋದವರು ಅವನಿಗಾಗಿ ಅನ್ನ ಬೇಡಿ ತಂದರು. ಸಂಘ ಎಂಬುದು ಶುರುವಾದದ್ದು ಆ ಊಟದ ಸಾಲಿನಲ್ಲಿ.

ಶ್ರೀಲಂಕಾದಲ್ಲಿ ವೆಸಾಕ್ ದಿನ ರಸ್ತೆ ಬದಿಗಳಲ್ಲಿ 'ದನ್ಸಲ್' ಹಾಕುತ್ತಾರೆ. ದಾರಿಯಲ್ಲಿ ಹೋಗುವ ಯಾರಿಗಾದರೂ ಊಟವನ್ನೋ ಪಾನಕವನ್ನೋ ಉಚಿತವಾಗಿ ಕೊಡುವ ಚಪ್ಪರ. ತಿನ್ನುವವರು ಯಾರು ಎಂದು ಅಲ್ಲಿ ಕೇಳುವುದಿಲ್ಲ. ಅಂಥ ಉದಾರತೆ ನಮಗೂ ಸುಲಭ. ಕೊಡುವಾಗ ನಮ್ಮ ಕೈ ಯಾವಾಗಲೂ ಮೇಲಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಅನ್ನದಾನಕ್ಕೆ ಎಂದೂ ಬರವಿಲ್ಲ. ಕೈ ಕೆಳಗೆ ಹಿಡಿದು, ಬಡಿಸುವವರು ಯಾರು ಎಂದು ಕೇಳದೆ ತೆಗೆದುಕೊಳ್ಳುವುದು ಕಷ್ಟ. ಬುದ್ಧ ನಲವತ್ತೈದು ವರ್ಷ ದಿನಾ ಮಾಡಿದ್ದು ಅದನ್ನು.

ಇನ್ನು ವ್ಯವಸ್ಥೆಯ ಮಾತು. ನಾಲ್ಕೈದು ಮಂದಿ ಹಿರಿಯರ ಜೊತೆ ಮಾತಾಡಿ ಹೀಗೆ ಇಟ್ಟುಕೊಂಡಿದ್ದೇವೆ, ಅಭಿಪ್ರಾಯ ಬೇರೆ ಇದ್ದವರು ಗುಂಪಿನಲ್ಲೇ ಹೇಳಿ. ಸಾಮೂಹಿಕ ಊಟದಲ್ಲಿ ಮೀನು ಮಾಂಸ ಇರುವುದಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲು ಆಗಬೇಕು, ಉಪೋಸಥದ ದಿನ ಮೊದಲ ಶೀಲವನ್ನು ಸ್ವಲ್ಪ ಬಿಗಿಯಾಗಿ ಹಿಡಿಯಬೇಕು ಎಂಬುದು ಅದಕ್ಕೆ ಕಾರಣ. ಅಡುಗೆ ಯಾರ ಮನೆಯಿಂದಲೂ ಬರಬಹುದು. ಯಾವ ಮನೆ, ಯಾವ ಪಾತ್ರೆ ಎಂದು ಕೇಳುವುದಿಲ್ಲ. ಅಷ್ಟಶೀಲ ತೆಗೆದುಕೊಂಡವರು ನಡು ಮಧ್ಯಾಹ್ನದ ನಂತರ ಉಣ್ಣುವಂತಿಲ್ಲ, ಹಾಗಾಗಿ ಬೆಳಿಗ್ಗೆ 9ಕ್ಕೆ ವಂದನೆ, 11ಕ್ಕೆ ಎಲೆ ಹಾಕುವುದು. ತೆಂಗಿನಹಾಲು ಅಲ್ಲಿಯೇ ಹಿಂಡಿ ಕೊನೆಗೆ ಸೇರಿಸಿದರೆ ಹಳಸುವ ಹೆದರಿಕೆ ಇಲ್ಲ. ಹೆಸರುಬೇಳೆ ಪಾಯಸ ಆ ಅಕ್ಕನ ಮನೆಯಿಂದ, ಐವತ್ತು ಜನಕ್ಕೆ. ಗಂಜಿ, ಚಟ್ನಿ ನಮ್ಮ ಮನೆಯಿಂದ. ಬಾಳೆಎಲೆ ತರಲು ಬೇರೆ ಯಾರಾದರೂ ಹೆಸರು ಕೊಡಿ. ಕಳೆದ ಮಳೆಗಾಲದಲ್ಲಿ ಉಪ್ಪಿಗೆ ಹಾಕಿಟ್ಟ ಕಣಿಲೆ ಇನ್ನೂ ಒಂದು ಭರಣಿ ಉಳಿದಿದೆ, ಚುಂದನ ಹೆಸರಿನಲ್ಲಿ ಅದರ ಪಲ್ಯ ಮಾಡಿ ತರುತ್ತೇನೆ ಎಂದು ಮೀನಿನ ವಾಸನೆ ಆಗದ ಆ ಹಿರಿಯರು ಒಪ್ಪಿಕೊಂಡಿದ್ದಾರೆ.